ನಾನು ಬರೆದದ್ದನ್ನು ಅವರು ಅಳಿಸುತ್ತಲೇ ಇದ್ದಾರೆ, ಏನು ಮಾಡಲಿ?

ಪ್ರಶ್ನೆ: ನಾನು ನಿವೃತ್ತ ಜೀವಶಾಸ್ತ್ರ ಶಿಕ್ಷಕ. ಬಹಳ ಕಾಲದಿಂದ ಜೇನು ಸಾಕುತ್ತಿದ್ದೇನೆ. ಎರಡು ವರ್ಷದಿಂದ ವಿಕಿಪೀಡಿಯದಲ್ಲಿ ಬರೆಯುತ್ತಿದ್ದೇನೆ. ಈಚೆಗೆ ಜೇನುನೊಣದ ಲೇಖನಕ್ಕೆ ಹೀಗೊಂದು ಪ್ಯಾರಾ ಸೇರಿಸಿದೆ: "ಇರುವೆ, ಮೇಣದ ಹುಳುವಿನ ಕಾಟ ಹೆಚ್ಚಾದರೆ ಅಥವಾ ಆಹಾರ ಸಾಲದೆ ಹೋದರೆ ತುಡುವೆ ಜೇನು ಗೂಡನ್ನೇ ಬಿಟ್ಟು ಹೊರಟುಹೋಗುತ್ತದೆ. ಹೀಗೆ ಹೊರಡುವುದು ಹೆಚ್ಚಾಗಿ ಬೆಳಗ್ಗೆ ಹತ್ತರಿಂದ ನಡುಮಧ್ಯಾಹ್ನದೊಳಗೆ. ಆದರೂ ಸಾಕಣೆಗೆ ತುಡುವೆಗಿಂತ ಒಳ್ಳೆಯ ಜೇನು ಇನ್ನೊಂದಿಲ್ಲ." ಮೊದಲ ವಾಕ್ಯಕ್ಕೆ ಜೇನು ಸಾಕಣೆಯ ಕೈಪಿಡಿಯೊಂದರ ಉಲ್ಲೇಖವನ್ನೂ ಕೊಟ್ಟಿದ್ದೆ. ಮರುದಿನ ಒಬ್ಬರು "ಆಧಾರವಿಲ್ಲ" ಎಂದಷ್ಟೇ ಬರೆದು ಇಡೀ ಪ್ಯಾರಾ ತೆಗೆದರು. ನಾನು ವಾಪಸ್ ಹಾಕಿದೆ, ಅವರು ತೆಗೆದರು. ಹೀಗೆ ಅವರು ಮೂರು ಸಲ ತೆಗೆದ ಮೇಲೆ ನಾಲ್ಕನೇ ಸಲ ಬೇರೊಂದು ಹೆಸರಿನವರು ಬಂದು ತೆಗೆದರು. ನಾನು ನಾಲ್ಕನೇ ಸಲ ಹಾಕಿದ್ದೇ ತಡ, ನನ್ನ ಖಾತೆಯನ್ನು 24 ಗಂಟೆ ಬ್ಲಾಕ್ ಮಾಡಿದರು. ಅವರಿಬ್ಬರಿಗೆ ಏನೂ ಆಗಲಿಲ್ಲ. ಇದು ಒಂದು ಗುಂಪಿನ ಕೆಲಸ, ಬಹುಶಃ ದುಡ್ಡು ತೆಗೆದುಕೊಂಡು ಮಾಡುವವರು ಎಂದು ನನ್ನ ಅನುಮಾನ. ಕಣ್ಣಾರೆ ಕಂಡವನ ಮಾತನ್ನು ಕಾಣದವರು ಅಳಿಸುವುದು ಯಾವ ನ್ಯಾಯ? ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್‌ಗೆ ದೂರು ಕೊಡಬಹುದೇ? ನನ್ನ ಹಳೆಯ ವಿದ್ಯಾರ್ಥಿಗಳು ತಾವೂ ಖಾತೆ ತೆರೆದು ನನ್ನ ಪರ ನಿಲ್ಲುತ್ತೇವೆ ಎನ್ನುತ್ತಿದ್ದಾರೆ. ಅದು ಸರಿಯೇ? ಇಲ್ಲ, ಇದನ್ನೆಲ್ಲ ಬಿಟ್ಟೇಬಿಡಲೇ?

ಉತ್ತರ: ಮೇಷ್ಟ್ರೇ, ಪತ್ರದ ಜೊತೆ ಆ ಲೇಖನದ ಇತಿಹಾಸ ಪುಟದ ಪ್ರತಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಇಂಥ ತಕರಾರಿನಲ್ಲಿ ಯಾರ ಮಾತು ಕೇಳಿದರೂ ಅವರದೇ ಸರಿ ಅನ್ನಿಸುತ್ತದೆ. ಯಾವ ಹೊತ್ತಿಗೆ ಯಾರು ಏನು ತೆಗೆದರು, ಏನು ಸೇರಿಸಿದರು ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಹೇಳುವುದು ಇತಿಹಾಸ ಪುಟ ಒಂದೇ. ನಾನು ಮೊದಲು ವಿಕಿ ನಿರ್ವಾಹಕನಾಗಿ, ಆಮೇಲೆ ಸಂಪಾದಕರ ನಡುವಿನ ಜಗಳ ಬಿಡಿಸುವ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದೇನೆ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಹೆಣೆದುಕೊಂಡಿವೆ. ಪ್ಯಾರಾ ಉಳಿಯಬೇಕಿತ್ತೇ ಎಂಬುದು ಒಂದು. ನಿಮ್ಮನ್ನು ಬ್ಲಾಕ್ ಮಾಡಿದ್ದು ಸರಿಯೇ ಎಂಬುದು ಇನ್ನೊಂದು. ಇಷ್ಟು ವರ್ಷದ ನಿಮ್ಮ ಅನುಭವಕ್ಕೆ ಅಲ್ಲಿ ಬೆಲೆ ಇಲ್ಲವೇ ಎಂಬುದು ಮೂರನೆಯದು. ನೋವಿರುವುದು ಮೂರನೆಯದರಲ್ಲಿ ಎಂದು ನನಗೆ ಗೊತ್ತು. ಆದರೆ ಬ್ಲಾಕ್‌ನಿಂದ ಶುರುಮಾಡುತ್ತೇನೆ, ಏಕೆಂದರೆ ಅದರ ಬಗ್ಗೆ ನೀವು ತಿಳಿದಿರುವುದು ಪೂರ್ತಿ ತಪ್ಪು, ಮತ್ತು ಆ ತಪ್ಪು ತಿಳಿವಳಿಕೆಯೇ ಉಳಿದ ಸಿಟ್ಟನ್ನೆಲ್ಲ ಬೆಳೆಸಿದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ "ಮೂರು ಸಲದ ನಿಯಮ" ಎಂದೊಂದಿದೆ. ಬೇರೆ ಭಾಷೆಯ ಹಲವು ವಿಕಿಗಳೂ ಇದೇ ಬಗೆಯ ನಿಯಮವನ್ನು ಪಾಲಿಸುತ್ತವೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಬೇರೆಯವರ ಬದಲಾವಣೆಯನ್ನು ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡುವಂತಿಲ್ಲ. ಪೂರ್ತಿ ರದ್ದು ಮಾಡಿದರೂ ಅಷ್ಟೇ, ಭಾಗಶಃ ಮಾಡಿದರೂ ಅಷ್ಟೇ. ಈಗ ನಿಮ್ಮ ಪುಟದ ಲೆಕ್ಕ ನೋಡಿ. ನೀವು ಮೊದಲು ಪ್ಯಾರಾ ಸೇರಿಸಿದ್ದು ರದ್ದತಿಯಲ್ಲ, ಅದು ಹೊಸ ಬರಹ. ಆಮೇಲೆ ವಾಪಸ್ ಹಾಕಿದ ನಾಲ್ಕು ಸಲವೂ ರದ್ದತಿಯೇ. ಆ ಮೊದಲ ಸಂಪಾದಕರು ತೆಗೆದದ್ದು ಮೂರು ಸಲ. ನಾಲ್ಕನೆಯದನ್ನು ಮಾಡಿದ್ದು ಇನ್ನೊಬ್ಬರು, ಅವರ ಪಾಲಿಗೆ ಅದು ಮೊದಲನೆಯದು. ಗೆರೆ ದಾಟಿದ್ದು ನೀವೊಬ್ಬರೇ. ಬ್ಲಾಕ್ ಮಾಡಿದ ನಿರ್ವಾಹಕರು ನಿಮ್ಮ ಪ್ಯಾರಾವನ್ನು ಓದಿ ತೂಗಿ ನೋಡಿಯೇ ಇರಲಿಕ್ಕಿಲ್ಲ. ಓದಬೇಕಾದ ಅಗತ್ಯವೂ ಇರಲಿಲ್ಲ. ಜೇನು ಯಾವಾಗ ಗೂಡು ಬಿಡುತ್ತದೆ ಎಂಬುದರ ತೀರ್ಪು ಅದಲ್ಲ. ಪುಟ ಹೊಯ್ದಾಡುವುದನ್ನು ನಿಲ್ಲಿಸುವ ಕ್ರಮ, ಅಷ್ಟೇ. ಎಷ್ಟೋ ಸಲ ನಿರ್ವಾಹಕರು ಯಾರನ್ನೂ ಬ್ಲಾಕ್ ಮಾಡದೆ ಪುಟಕ್ಕೇ ಬೀಗ ಹಾಕುತ್ತಾರೆ. ಆಗ ಪುಟದಲ್ಲಿ ಯಾರ ಆವೃತ್ತಿ ಇರುತ್ತದೋ ಅದೇ ಉಳಿಯುತ್ತದೆ, ಎದುರಿನವರಿಗೆ ಅದು ಪಕ್ಷಪಾತದಂತೆ ಕಾಣುತ್ತದೆ. ಬೀಗ ಬಿದ್ದ ಆವೃತ್ತಿಗೆ ಗೆದ್ದ ಆವೃತ್ತಿಯೆಂಬ ಅರ್ಥವಿಲ್ಲ.

ಹಾಗೆಂದು ಮೂರು ಸಲ ನಿಮ್ಮ ಹಕ್ಕು ಎಂದು ತಿಳಿಯಬೇಡಿ. ದಿನಕ್ಕೆ ಎರಡೇ ಸಲ, ಆದರೆ ವಾರವಿಡೀ ಬಿಡದೆ ರದ್ದು ಮಾಡುತ್ತಾ ಹೋದವರನ್ನೂ ತಡೆದಿರುವುದುಂಟು. ನಿಯಮಕ್ಕೆ ಹೊರತಾದ ಸಂದರ್ಭಗಳೂ ಇವೆ: ಬೇಕೆಂದೇ ಪುಟ ಹಾಳುಮಾಡಿದ್ದನ್ನು ಸರಿಪಡಿಸುವುದು, ಸ್ಪಷ್ಟವಾದ ಕೃತಿಸ್ವಾಮ್ಯ ಉಲ್ಲಂಘನೆಯನ್ನು ತೆಗೆಯುವುದು, ಬದುಕಿರುವ ವ್ಯಕ್ತಿಗಳ ಬಗ್ಗೆ ಆಧಾರವಿಲ್ಲದೆ ಬರೆದ ಮಾನಹಾನಿಯ ಮಾತನ್ನು ಅಳಿಸುವುದು. ಈ ಕೊನೆಯದರ ಹಿಂದೆ ಒಂದು ಕಹಿ ಪಾಠವಿದೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಬಗ್ಗೆ ಯಾರೋ ಬರೆದ ಹಸಿ ಸುಳ್ಳು ಸುಮಾರು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಬದುಕಿರುವವರ ಬಗೆಗಿನ ನಿಯಮಗಳು ಬಿಗಿಯಾದದ್ದು ಆಮೇಲೆ. ನಿಮ್ಮ ಪ್ಯಾರಾ ಈ ಯಾವ ಗುಂಪಿಗೂ ಸೇರುವುದಿಲ್ಲ.

ಇನ್ನು ಪ್ಯಾರಾದ ವಿಚಾರ. ಅದನ್ನು ಇಡಿಯಾಗಿ ಹಿಡಿದುಕೊಂಡದ್ದೇ ಇಬ್ಬರೂ ಮಾಡಿದ ತಪ್ಪು. ನೀವು ಇಡಿಯಾಗಿ ಹಾಕಿದಿರಿ, ಅವರು ಇಡಿಯಾಗಿ ತೆಗೆದರು. ಆದರೆ ಅದರೊಳಗಿರುವುದು ಮೂರು ಬೇರೆ ಬೇರೆ ಜಾತಿಯ ವಾಕ್ಯಗಳು.

ಮೊದಲನೆಯದು, ತುಡುವೆ ಯಾವ ಕಾರಣಕ್ಕೆ ಗೂಡು ಬಿಡುತ್ತದೆ ಎನ್ನುವ ವಾಕ್ಯ. ಇದಕ್ಕೆ ನೀವು ಕೈಪಿಡಿಯ ಉಲ್ಲೇಖ ಕೊಟ್ಟಿದ್ದೀರಿ, ಪುಟದ ಸಂಖ್ಯೆಯೂ ಇದೆ. ಇದನ್ನು "ಆಧಾರವಿಲ್ಲ" ಎಂದು ತೆಗೆದದ್ದು ಅವರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಎರಡನೆಯದು, ಬೆಳಗ್ಗೆ ಹತ್ತರಿಂದ ನಡುಮಧ್ಯಾಹ್ನ ಎನ್ನುವ ವಾಕ್ಯ. ಇದು ನಿಮ್ಮ ಸ್ವಂತ ಗಮನಿಕೆ. ನಿಜವೇ ಇರಬಹುದು, ನಾನು ಅನುಮಾನಿಸುತ್ತಿಲ್ಲ. ಆದರೆ ಓದುವವರಿಗೆ ಪರೀಕ್ಷಿಸಿ ನೋಡಲು ಏನೂ ಇಲ್ಲ. ಮೂರನೆಯದು, ತುಡುವೆಗಿಂತ ಒಳ್ಳೆಯ ಜೇನಿಲ್ಲ ಎನ್ನುವುದು ಅಭಿಪ್ರಾಯ. ಅದನ್ನು ವಿಶ್ವಕೋಶ ತನ್ನ ದನಿಯಲ್ಲಿ ಹೇಳುವಂತಿಲ್ಲ. ಯಾರು ಹಾಗೆ ಹೇಳಿದ್ದಾರೆ, ಎಲ್ಲಿ ಪ್ರಕಟವಾಗಿದೆ ಎಂದು ತೋರಿಸಿ, ಅವರ ಮಾತಾಗಿ ಬರೆಯಬಹುದು. ಹಾಗೆ ಬರೆದರೂ ಬೇರೆ ಅಭಿಪ್ರಾಯ ಇರುವವರಿಗೆ ತಕ್ಕ ಜಾಗ ಕೊಡಬೇಕಾಗುತ್ತದೆ.

ಅಂದರೆ ಒಂದರಲ್ಲಿ ನೀವು ಸರಿ, ಎರಡರಲ್ಲಿ ಅವರು ಸರಿ. ಆದರೆ ರದ್ದು ಮಾಡುವ ಗುಂಡಿಗೆ ಈ ವಿವೇಕ ಇಲ್ಲ. ಒಂದು ಒತ್ತಿಗೆ ಮೂರೂ ಹೋಗುತ್ತವೆ, ಇನ್ನೊಂದು ಒತ್ತಿಗೆ ಮೂರೂ ಬರುತ್ತವೆ. ನಾನು ನೋಡಿದ ಹೆಚ್ಚಿನ ಸಂಪಾದನಾ ಜಗಳಗಳ ಬೇರು ಇಲ್ಲಿಯೇ ಇದೆ. ಸಿದ್ಧಾಂತ, ರಾಜಕೀಯ, ದ್ವೇಷ ಎಲ್ಲ ಆಮೇಲೆ ಬಂದು ಸೇರಿಕೊಳ್ಳುತ್ತವೆ.

ಈಗ ಆ ನೋವಿನ ಪ್ರಶ್ನೆ. ಕಣ್ಣಾರೆ ಕಂಡವನ ಮಾತು ಯಾಕೆ ಸಲ್ಲುವುದಿಲ್ಲ? ವಿಕಿಪೀಡಿಯ 2001ರ ಜನವರಿಯಲ್ಲಿ ಶುರುವಾದಾಗಿನಿಂದ ಅದರ ಪ್ರತಿ ಪುಟವನ್ನೂ ಬರೆಯುತ್ತಿರುವವರು ಪರಸ್ಪರ ಅಪರಿಚಿತರು. ನೀವು ನಿವೃತ್ತ ಶಿಕ್ಷಕರೆಂದು ನನಗೆ ಪತ್ರದಿಂದ ಗೊತ್ತು. ಆ ಸಂಪಾದಕರಿಗೆ ಕಾಣುವುದು ಒಂದು ಬಳಕೆದಾರ ಹೆಸರು ಮಾತ್ರ. ಅದೇ ಹೊತ್ತಿಗೆ ಇನ್ನೊಂದು ಪುಟದಲ್ಲಿ ಮತ್ತೊಬ್ಬರು ತಮ್ಮನ್ನು ವೈದ್ಯರೆಂದು ಕರೆದುಕೊಂಡು, ಯಾವುದೋ ಕಷಾಯದಿಂದ ಕ್ಯಾನ್ಸರ್ ವಾಸಿಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆಯುತ್ತಿರುತ್ತಾರೆ. ನಿಮ್ಮನ್ನು ಒಳಗೆ ಬಿಡುವ ಬಾಗಿಲಿನಿಂದಲೇ ಅವರೂ ಬರುತ್ತಾರೆ. ಯಾರು ಹೇಳುತ್ತಿದ್ದಾರೆ ಎಂಬುದನ್ನು ತೂಗಲು ದಾರಿಯಿಲ್ಲದ ಕಡೆ, ಎಲ್ಲಿ ಪ್ರಕಟವಾಗಿದೆ ಎಂಬುದನ್ನು ತೂಗಬೇಕಾಗುತ್ತದೆ. ಸ್ವಂತ ಸಂಶೋಧನೆ ಕೂಡದು, ಹೇಳಿದ್ದನ್ನು ಪರಿಶೀಲಿಸಲು ಬರುವಂತಿರಬೇಕು, ತಟಸ್ಥ ನಿಲುವಿರಬೇಕು ಎಂಬ ಮೂರು ನಿಯಮಗಳ ಮೇಲೆ ಇಡೀ ಕಟ್ಟಡ ನಿಂತಿದೆ. ಈ ನಿಯಮ ಸರಿ ಎಂದೇ ನನ್ನ ನಿಲುವು. ಅದರಿಂದ ನಿಮ್ಮಂಥವರ ನಿಜವಾದ ತಿಳಿವಳಿಕೆ ಹೊರಗುಳಿಯುತ್ತದೆ ಎಂಬುದೂ ನಿಜ, ಆ ನಷ್ಟ ಚಿಕ್ಕದಲ್ಲ. ಅದಕ್ಕೊಂದು ದಾರಿಯೂ ಇದೆ, ಮುಂದೆ ಹೇಳುತ್ತೇನೆ.

ಸೇರಿಸಿದವರೇ ಆಧಾರ ತೋರಿಸಬೇಕು ಎಂಬುದೂ ನಿಯಮ. "ಇದು ಸುಳ್ಳೆಂದು ನೀವೇ ಸಾಬೀತು ಮಾಡಿ" ಎಂದು ತೆಗೆದವರಿಗೆ ಸವಾಲು ಹಾಕಿದ್ದೀರಿ, ಇತಿಹಾಸ ಪುಟದಲ್ಲಿದೆ. ಅದು ಅಲ್ಲಿ ನಡೆಯುವುದಿಲ್ಲ.

ಆದರೆ ನಿಯಮ ಸರಿಯಿದ್ದ ಮಾತ್ರಕ್ಕೆ ಅದನ್ನು ನಡೆಸುವ ರೀತಿ ಸರಿ ಎಂದಾಗುವುದಿಲ್ಲ. ಇಲ್ಲಿ ನನ್ನ ಸಿಟ್ಟು ನಿಮ್ಮ ಪರವಾಗಿದೆ. ಪುಟ ಬದಲಾದರೆ ತಿಳಿಸುವ ವೀಕ್ಷಣಾಪಟ್ಟಿಯಲ್ಲಿ ನೂರಾರು ಪುಟ ಇಟ್ಟುಕೊಂಡು ಕೂತ ಸ್ವಯಂಸೇವಕರಿಗೆ ಒಂದೊಂದು ಬದಲಾವಣೆಗೆ ಕೆಲವು ಸೆಕೆಂಡಿಗಿಂತ ಹೆಚ್ಚು ಸಿಗುವುದಿಲ್ಲ. ಕಸ ತೆಗೆಯುವ ವೇಗದಲ್ಲಿ ಕಸವಲ್ಲದ್ದೂ ಹೋಗುತ್ತದೆ. "ಆಧಾರವಿಲ್ಲ" ಎಂಬ ಒಂದು ಪದದ ಬದಲು "ಎರಡನೇ, ಮೂರನೇ ವಾಕ್ಯಕ್ಕೆ ಉಲ್ಲೇಖ ಬೇಕು" ಎಂದು ಬರೆದಿದ್ದರೆ ನಿಮ್ಮ ಪತ್ರವೇ ನನಗೆ ಬರುತ್ತಿರಲಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುತ್ತತುದಿ ಮುಟ್ಟಿ ಆಮೇಲೆ ವರ್ಷಗಟ್ಟಲೆ ಇಳಿಯಿತು. ಯಾಕೆ ಎಂದು ಹುಡುಕಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಕೊಂಡ ದೊಡ್ಡ ಕಾರಣ ಇದೇ: ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಕೆಲಸ ಹೆಚ್ಚು ಹೆಚ್ಚು ರದ್ದಾಗತೊಡಗಿತು, ಅದರಲ್ಲೂ ಅರೆಸ್ವಯಂಚಾಲಿತ ಸಾಧನಗಳಿಂದ. ಹೊಸಬರು ಹೋದರು, ಮರಳಿ ಬರಲಿಲ್ಲ. ಬಿಟ್ಟುಬಿಡಲೇ ಎಂದು ಕೇಳುವ ನೀವು ಅದೇ ಬಾಗಿಲಲ್ಲಿ ನಿಂತಿದ್ದೀರಿ.

ಗುಂಪು, ದುಡ್ಡು ಎಂಬ ಅನುಮಾನಕ್ಕೆ ಬರೋಣ. ದುಡ್ಡಿಗೆ ಬರೆಯುವವರು ವಿಕಿಯಲ್ಲಿ ಇಲ್ಲವೆಂದಲ್ಲ. ಇದ್ದಾರೆ, ಅವರು ಅದನ್ನು ಬಹಿರಂಗವಾಗಿ ಹೇಳಬೇಕೆಂದು ಬಳಕೆಯ ಷರತ್ತುಗಳಲ್ಲೇ ಇದೆ. ಆದರೆ ಅವರು ಕೈಹಾಕುವುದು ಕಂಪನಿ, ಉದ್ಯಮಿ, ರಾಜಕಾರಣಿಗಳ ಪುಟಗಳಿಗೆ. ಜೇನು ಗೂಡು ಬಿಡುವ ಸಮಯದ ಬಗ್ಗೆ ದುಡ್ಡು ಕೊಡುವವರು ಯಾರು? ನಾಲ್ಕನೇ ಸಲ ಬಂದ ಇನ್ನೊಬ್ಬರ ವಿಷಯಕ್ಕೆ ಸರಳ ವಿವರಣೆಯಿದೆ. ಒಂದೇ ಪುಟ ಗಂಟೆಗೊಮ್ಮೆ ಬದಲಾಗುತ್ತಿದ್ದರೆ ಅದು ಇತ್ತೀಚಿನ ಬದಲಾವಣೆಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಮೇಲೆ ಬರುತ್ತದೆ, ಕಾವಲು ಕಾಯುವವರು ಬರುತ್ತಾರೆ. ಅವರಿಬ್ಬರ ಹಿಂದಿನ ಕೊಡುಗೆಗಳ ಪಟ್ಟಿಯನ್ನೂ ನೋಡಿದೆ. ಒಬ್ಬರದು ಬಹುಪಾಲು ಪ್ರಾಣಿ, ಸಸ್ಯಗಳ ಪುಟಗಳು. ಇನ್ನೊಬ್ಬರದು ಕಾವಲು ಕೆಲಸ. ಇಬ್ಬರೂ ಬೇರೆ ಕಡೆ ಜೊತೆಯಾಗಿ ಕಾಣಿಸಿಕೊಂಡದ್ದಿಲ್ಲ. ಈ ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಅನುಮಾನ ಬಂದಾಗ ಮೊದಲು ಅದನ್ನು ನೋಡಿ, ಆಮೇಲೆ ಆರೋಪ ಮಾಡಿ. ಒಬ್ಬರೇ ಎರಡು ಖಾತೆಯಿಂದ ಆಡುತ್ತಿದ್ದಾರೆ ಎಂಬುದಕ್ಕೆ ನಿಜವಾಗಿ ಕುರುಹು ಸಿಕ್ಕರೆ ಅದನ್ನು ತಾಂತ್ರಿಕವಾಗಿ ಪರೀಕ್ಷಿಸುವ ಅಧಿಕಾರ ಇರುವ ವಿಶೇಷ ಬಳಕೆದಾರರಿದ್ದಾರೆ. ಅಲ್ಲಿ ಕೇಳಬಹುದು. ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಚರ್ಚಾ ಪುಟದಲ್ಲಿ ಕೂಗಬೇಡಿ. ಕೂಗಿದರೆ ಜೇನಿನ ಮಾತು ಅಲ್ಲಿಗೇ ಮುಗಿಯುತ್ತದೆ, ಮುಂದೆ ನಡೆಯುವುದೆಲ್ಲ ನಿಮ್ಮ ನಡವಳಿಕೆಯ ವಿಚಾರಣೆ.

ಇಂಥ ಜಗಳ ಎಲ್ಲ ಪುಟಗಳಲ್ಲೂ ನಡೆಯುತ್ತದೆ ಎಂಬ ಭಾವನೆಯೂ ಬೇಡ. ಸಂಪಾದನಾ ಸಮರಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು, ಈ ಸಮರಗಳನ್ನು ಹೆಚ್ಚಾಗಿ ನಡೆಸುವವರು ಬೆರಳೆಣಿಕೆಯ ಸಂಪಾದಕರು ಎಂಬುದನ್ನು. ಉಳಿದವರು ತಮ್ಮ ಪಾಡಿಗೆ ಬರೆದುಕೊಂಡಿರುತ್ತಾರೆ. ಇನ್ನೊಂದು ಸಂಗತಿ ನನಗೆ ಬಹಳ ಕಲಿಸಿದೆ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ವಿಕಿಪೀಡಿಯದ ಬಾಟ್‌ಗಳು, ಅಂದರೆ ಕೊಂಡಿ ಸರಿಪಡಿಸುವಂಥ ಕೆಲಸಕ್ಕೆ ಬಿಟ್ಟ ಪುಟ್ಟ ಪ್ರೋಗ್ರಾಂಗಳು, ವರ್ಷಗಳ ಕಾಲ ಒಂದರ ಬದಲಾವಣೆಯನ್ನು ಇನ್ನೊಂದು ರದ್ದು ಮಾಡುತ್ತಾ ಬಂದಿದ್ದವು. ಅವಕ್ಕೆ ಅಹಂಕಾರವಿಲ್ಲ, ಹೊಟ್ಟೆಕಿಚ್ಚಿಲ್ಲ, ಗುಂಪುಗಾರಿಕೆ ಇಲ್ಲ. ಎರಡು ಬಾಟ್‌ಗಳಿಗೆ ಎರಡು ಬೇರೆ ನಿಯಮ ಕೊಟ್ಟು, ಮಾತಾಡಿಕೊಳ್ಳುವ ದಾರಿ ಕೊಡದೆ ಬಿಟ್ಟದ್ದಷ್ಟೇ ಕಾರಣ. ನೀವೂ ಆ ಸಂಪಾದಕರೂ ಒಂದು ದಿನ ಪೂರ್ತಿ ಹಾಗೆಯೇ ಇದ್ದಿರಿ. ಚರ್ಚಾ ಪುಟ ಖಾಲಿಯಿದೆ, ನೋಡಿ. ಇಬ್ಬರಲ್ಲಿ ಒಬ್ಬರೂ ಅಲ್ಲಿ ಒಂದಕ್ಷರ ಬರೆದಿಲ್ಲ.

ಭಿನ್ನಾಭಿಪ್ರಾಯವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ವಿರುದ್ಧವಾದದ್ದಕ್ಕೇ ಸಾಕ್ಷಿಯಿದೆ. ರಾಜಕೀಯವಾಗಿ ಎಡ, ಬಲ ಎರಡೂ ಕಡೆಯವರು ಸೇರಿ ಬರೆದ ಲೇಖನಗಳ ಗುಣಮಟ್ಟ ಒಂದೇ ಕಡೆಯವರು ಬರೆದವುಗಳಿಗಿಂತ ಮೇಲಿರುತ್ತದೆ ಎಂದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಎದುರಿಗೆ ಒಪ್ಪದವರು ಕೂತಿದ್ದರೆ ಆಧಾರ ಗಟ್ಟಿಯಾಗಿ ಹುಡುಕಬೇಕಾಗುತ್ತದೆ, ಪದ ಅಳೆದು ಬಳಸಬೇಕಾಗುತ್ತದೆ. ಇದೆಲ್ಲ ಆಗುವುದು ಮಾತು ನಡೆದಾಗ ಮಾತ್ರ. ಈಗ ಗ್ದಾನ್ಸ್ಕ್ ಎಂದು ಕರೆಯುವ ಪೋಲೆಂಡಿನ ನಗರದ ಹೆಸರಿಗಾಗಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಹುಕಾಲ ಕಚ್ಚಾಟ ನಡೆಯಿತು. ಒಂದು ಕಡೆಯವರು ಡಾನ್‌ಜಿಗ್ ಎಂಬ ಜರ್ಮನ್ ಹೆಸರು ಹಾಕುವುದು, ಇನ್ನೊಂದು ಕಡೆಯವರು ತೆಗೆದು ಪೋಲಿಷ್ ಹೆಸರು ಹಾಕುವುದು. 2005ರಲ್ಲಿ ಅದು ಬಗೆಹರಿದದ್ದು ಹೇಗೆ ಗೊತ್ತೇ? ಯಾವ ಹೆಸರು ಸರಿ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವ ಕಾಲದ ಬಗ್ಗೆ ಬರೆಯುವಾಗ ಯಾವ ಹೆಸರು ಎಂದು ಕಾಲಘಟ್ಟಗಳಾಗಿ ಒಡೆದು ತೀರ್ಮಾನಿಸಿದರು. 1945ರ ನಂತರಕ್ಕೆ ಗ್ದಾನ್ಸ್ಕ್, ಅದಕ್ಕೆ ಹಿಂದಿನ ಕೆಲವು ಶತಮಾನಗಳಿಗೆ ಡಾನ್‌ಜಿಗ್. ದೊಡ್ಡ ಪ್ರಶ್ನೆಯನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಾಗಿ ಒಡೆದಾಗ ಪ್ರತಿಯೊಂದಕ್ಕೂ ಉತ್ತರ ಸಿಕ್ಕಿತು. ಒಡೆಯಲು ಬಾರದ ಜಗಳಗಳು ಎಳೆಯುತ್ತಲೇ ಹೋಗುತ್ತವೆ. ಮೊಸರಿನ ಲೇಖನದ ಶೀರ್ಷಿಕೆಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಇರಬೇಕೇ ಬೇಡವೇ ಎಂಬುದು 2011ರಲ್ಲಿ ತೀರ್ಮಾನವಾಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿದ್ದವು.

ನಿಮಗಿರುವ ದಾರಿಗಳನ್ನು ನೋಡೋಣ. ನಾನು ಮೊದಲು ಆರಿಸುವುದು ಎಲ್ಲಕ್ಕಿಂತ ಸಪ್ಪೆಯಾದ ದಾರಿಯನ್ನು. ಬ್ಲಾಕ್ ಮುಗಿದ ಮೇಲೂ ಒಂದೆರಡು ದಿನ ಆ ಲೇಖನ ಮುಟ್ಟಬೇಡಿ. ಆಮೇಲೆ ಚರ್ಚಾ ಪುಟಕ್ಕೆ ಹೋಗಿ ಹೀಗೇನಾದರೂ ಬರೆಯಿರಿ:

"ನಾನು ಸೇರಿಸಿದ ಪ್ಯಾರಾದ ಬಗ್ಗೆ. ಎರಡನೇ ಮತ್ತು ಮೂರನೇ ವಾಕ್ಯಗಳಿಗೆ ಆಧಾರ ಕೊಟ್ಟಿರಲಿಲ್ಲ, ಅವನ್ನು ಸದ್ಯಕ್ಕೆ ಕೈಬಿಡುತ್ತೇನೆ. ಮೊದಲ ವಾಕ್ಯಕ್ಕೆ ಕೈಪಿಡಿಯ ಉಲ್ಲೇಖವಿದೆ, ಪುಟಸಂಖ್ಯೆ ಸಮೇತ. ಈ ಒಂದು ವಾಕ್ಯವನ್ನು ಮರಳಿ ಸೇರಿಸಲು ಯಾರದಾದರೂ ಆಕ್ಷೇಪವಿದೆಯೇ? ಇದ್ದರೆ ಆಕ್ಷೇಪ ಆಧಾರದ ಬಗ್ಗೆಯೋ, ವಾಕ್ಯದ ಬಗ್ಗೆಯೋ ತಿಳಿಸಿ."

ಸಹಿ ಹಾಕಿ, ಆ ಸಂಪಾದಕರ ಹೆಸರಿಗೆ ಕೊಂಡಿ ಕೊಡಿ, ಅವರಿಗೆ ಸೂಚನೆ ಹೋಗುತ್ತದೆ. ಇದರಲ್ಲಿ ಬ್ಲಾಕ್‌ನ ಮಾತಿಲ್ಲ, ನಿಮ್ಮ ಅನುಭವದ ವರ್ಷಗಳ ಮಾತಿಲ್ಲ, ಅವರ ಉದ್ದೇಶದ ಮಾತಂತೂ ಇಲ್ಲವೇ ಇಲ್ಲ. ಒಂದು ವಾಕ್ಯ, ಒಂದು ಆಧಾರ, ಒಂದು ಪ್ರಶ್ನೆ. ಒಪ್ಪದವರು ಈಗ ಕಾರಣ ಹೇಳಲೇಬೇಕು. ಒಂದು ವಾರ ಯಾರೂ ಏನೂ ಹೇಳದಿದ್ದರೆ ಆ ವಾಕ್ಯವನ್ನು ಹಾಕಿ, ಬದಲಾವಣೆ ಉಳಿಸುವಾಗ ಬರೆಯುವ ಸಾರಾಂಶದಲ್ಲಿ "ಚರ್ಚಾ ಪುಟ ನೋಡಿ" ಎಂದು ಬರೆಯಿರಿ. ವಿಕಿಯಲ್ಲಿ ಮೌನವನ್ನು ಒಪ್ಪಿಗೆ ಎಂದೇ ತೆಗೆದುಕೊಳ್ಳುತ್ತಾರೆ, ಯಾರಾದರೂ ಮಾತಾಡುವವರೆಗೆ. ಇದರ ಅಪಾಯ ಒಂದೇ, ತಾಳ್ಮೆ ಕೆಡುವುದು.

ಉತ್ತರ ಬಂದು, ಇಬ್ಬರೂ ಪಟ್ಟು ಬಿಡದಿದ್ದರೆ ಮೂರನೆಯವರ ಅಭಿಪ್ರಾಯ ಕೇಳಿ. ದೊಡ್ಡ ವಿಕಿಗಳಲ್ಲಿ ಇದಕ್ಕೆಂದೇ ಪುಟವಿದೆ. ತಕರಾರು ಇಬ್ಬರ ನಡುವೆ ಮಾತ್ರ ಇದ್ದಾಗ ಅದರಲ್ಲಿ ತೊಡಗದ ಒಬ್ಬರು ಬಂದು ನೋಡಿ ಹೇಳುತ್ತಾರೆ. ಅವರ ಮಾತು ಕಟ್ಟಳೆಯಲ್ಲ, ಆದರೂ ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಅದರ ಮೇಲಿನದು ಸಮುದಾಯದ ಅಭಿಪ್ರಾಯ ಕೇಳುವುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಂಥ ಕೋರಿಕೆ ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಇಲ್ಲಿ ಗೆಲ್ಲುವುದೂ ಸೋಲುವುದೂ ಪ್ರಶ್ನೆ ಕೇಳಿದ ರೀತಿಯಲ್ಲಿದೆ. "ಜ್ಞಾನಿಗಳ ಮಾತನ್ನು ಹೀಗೆ ಅಳಿಸಬಹುದೇ" ಎಂದು ಕೇಳಿದರೆ ಯಾರೂ ಉತ್ತರಿಸುವುದಿಲ್ಲ. "ಈ ಕೈಪಿಡಿ ಈ ವಾಕ್ಯಕ್ಕೆ ಸಾಕಾಗುತ್ತದೆಯೇ" ಎಂದು ಕೇಳಿದರೆ ಉತ್ತರ ಬರುತ್ತದೆ. ಬಂದ ಉತ್ತರ ನಿಮಗೆ ವಿರುದ್ಧವಾಗಿದ್ದರೆ ಅದನ್ನು ಒಪ್ಪಿಕೊಳ್ಳಲು ಸಿದ್ಧರಿರಬೇಕು. ಅದಾದ ಮೇಲೂ ಹಾಕುತ್ತಾ ಹೋದರೆ ಮುಂದಿನ ಬ್ಲಾಕ್ 24 ಗಂಟೆಯದಾಗಿರುವುದಿಲ್ಲ.

ಮಧ್ಯಸ್ಥಿಕೆ ಸಮಿತಿ ಎಂದು ಕೇಳಿರಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2004ರಿಂದ ಕೆಲಸ ಮಾಡುತ್ತಿರುವ ಆ ಸಮಿತಿ ವಿಚಾರಿಸುವುದು ನಡವಳಿಕೆಯನ್ನು. ಯಾವ ವಾಕ್ಯ ಸರಿ ಎಂದು ಅದು ತೀರ್ಪು ಕೊಡುವುದಿಲ್ಲ. ನಿಮ್ಮದು ಅಲ್ಲಿಗೆ ಹೋಗುವ ಪ್ರಕರಣವೇ ಅಲ್ಲ. ಫೌಂಡೇಶನ್‌ನದೂ ಇದೇ ಕಥೆ. 2003ರಲ್ಲಿ ಶುರುವಾದ ವಿಕಿಮೀಡಿಯ ಫೌಂಡೇಶನ್ ಸರ್ವರ್, ತಂತ್ರಾಂಶ, ಕಾನೂನು, ಹಣಕಾಸು ನೋಡಿಕೊಳ್ಳುತ್ತದೆ. ಲೇಖನದಲ್ಲಿ ಏನಿರಬೇಕು ಎಂಬುದನ್ನು ಸ್ವಯಂಸೇವಕರಿಗೇ ಬಿಟ್ಟಿದೆ. ಪ್ಯಾರಾ ಅಳಿಸಿದರು ಎಂದು ಅಲ್ಲಿಗೆ ಬರೆದರೆ ನಿಮ್ಮನ್ನು ಮತ್ತೆ ಚರ್ಚಾ ಪುಟಕ್ಕೇ ಕಳಿಸುತ್ತಾರೆ. ಬೆದರಿಕೆ, ಕಿರುಕುಳ, ನಿಮ್ಮ ಮನೆ ವಿಳಾಸ ಬಯಲು ಮಾಡುವುದು ಇಂಥದ್ದೇನಾದರೂ ನಡೆದಿದ್ದರೆ ಮಾತು ಬೇರೆ. ಅದಕ್ಕೆ 2021ರಲ್ಲಿ ಫೌಂಡೇಶನ್ ಮಂಡಳಿ ಒಪ್ಪಿದ ಸಾರ್ವತ್ರಿಕ ನೀತಿ ಸಂಹಿತೆ ಇದೆ. ಅಂಥದ್ದನ್ನು ಸಹಿಸಿಕೊಂಡು ಕೂರಬೇಡಿ. ನಿಮ್ಮ ಪುಟದಲ್ಲಿ ನಡೆದದ್ದು ಒರಟುತನ, ಕಿರುಕುಳವಲ್ಲ.

ಹಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ನನ್ನ ಉತ್ತರ ಖಡಾಖಂಡಿತ: ಬೇಡ. ಅವರ ಅಭಿಮಾನ ದೊಡ್ಡದು, ಆದರೆ ಅದರಿಂದ ನಿಮಗೇ ಪೆಟ್ಟು. ವಿಕಿಯಲ್ಲಿ ತಲೆ ಎಣಿಸಿ ತೀರ್ಮಾನ ಮಾಡುವುದಿಲ್ಲ, ವಾದದ ತೂಕ ನೋಡುತ್ತಾರೆ. ನಿನ್ನೆ ತೆರೆದ ಐದು ಖಾತೆಗಳು ಬಂದು ಒಂದೇ ಮಾತು ಹೇಳಿದರೆ ಅವುಗಳ ತೂಕ ಸೊನ್ನೆ. ಹೊರಗಿನಿಂದ ಜನ ಸೇರಿಸಿದ್ದಕ್ಕೆ ಅವರ ಜೊತೆ ನಿಮ್ಮ ಖಾತೆಯನ್ನೂ ಬ್ಲಾಕ್ ಮಾಡಬಹುದು. ನೀವೇ ಇನ್ನೊಂದು ಖಾತೆ ತೆರೆದು ಬ್ಲಾಕ್ ತಪ್ಪಿಸಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು. ಅಂಥದ್ದು ಗೊತ್ತಾದ ಮೇಲೆ ನೀವು ಎಷ್ಟು ಸರಿಯಾದ ಮಾತು ಹೇಳಿದರೂ ಕೇಳುವವರಿರುವುದಿಲ್ಲ. ಆ ವಿದ್ಯಾರ್ಥಿಗಳಿಗೆ ನಿಜವಾಗಿ ಆಸಕ್ತಿ ಇದ್ದರೆ ಬೇರೆ ಲೇಖನಗಳನ್ನು ಬರೆಯಲಿ. ಈ ಪುಟದ ಹತ್ತಿರ ಬರುವುದು ಬೇಡ.

ಒಂದು ಎಚ್ಚರಿಕೆ ಚಿಕ್ಕ ವಿಕಿಗಳ ಬಗ್ಗೆ. ನಾನು ಹೇಳಿದ ಮೂರನೆಯವರು, ಸಮುದಾಯ, ಸಮಿತಿ ಇವೆಲ್ಲ ನೂರಾರು ಸಕ್ರಿಯ ಸಂಪಾದಕರಿರುವ ಕಡೆಯ ಮಾತು. ಕೆಲಸ ಮಾಡುವವರೇ ಹತ್ತಿಪ್ಪತ್ತು ಜನ ಇರುವ ಕಡೆ ತಕರಾರಿನಲ್ಲಿ ಇರುವವರು, ಬಿಡಿಸುವವರು, ಬ್ಲಾಕ್ ಮಾಡುವವರು ಎಲ್ಲ ಒಬ್ಬರೇ ಆಗಿಬಿಡಬಹುದು. ಕ್ರೊಯೇಷಿಯನ್ ವಿಕಿಪೀಡಿಯವನ್ನು ಒಂದು ಸಣ್ಣ ನಿರ್ವಾಹಕರ ಗುಂಪು ಸುಮಾರು ಒಂದು ದಶಕ ಹಿಡಿತದಲ್ಲಿಟ್ಟುಕೊಂಡು ಇತಿಹಾಸದ ಪುಟಗಳನ್ನು ತಮ್ಮ ಸಿದ್ಧಾಂತಕ್ಕೆ ಬಗ್ಗಿಸಿತ್ತು. ಫೌಂಡೇಶನ್ ಮಾಡಿಸಿದ ಮೌಲ್ಯಮಾಪನದ ವರದಿ 2021ರಲ್ಲಿ ಹೊರಬಂತು. ಆದ್ದರಿಂದ "ಗುಂಪು" ಎಂಬ ಅನುಮಾನ ಎಲ್ಲೆಡೆಯೂ ಹುರುಳಿಲ್ಲದ್ದು ಎಂದು ನಾನು ಹೇಳಲಾರೆ. ನಿಮ್ಮ ಪ್ರಕರಣದಲ್ಲಿ ಅದಕ್ಕೆ ಕುರುಹಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಚಿಕ್ಕ ವಿಕಿಯಲ್ಲಿ ತಕರಾರಿನ ಒಂದು ಕಡೆಯವರೇ ನಿರ್ವಾಹಕರ ಅಧಿಕಾರ ಬಳಸಿದರೆ, ಮೊದಲು ಆ ವಿಕಿಯ ಸಮುದಾಯ ಪುಟದಲ್ಲಿ ಕೇಳಿ. ಅಲ್ಲಿ ದಾರಿ ಕಾಣದಿದ್ದರೆ ಎಲ್ಲ ವಿಕಿಗಳಿಗೂ ಸೇರಿದ ಮೆಟಾ ವಿಕಿಯಲ್ಲಿ ಬದಲಾವಣೆಗಳ ಕೊಂಡಿಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟು ವಿಷಯ ತಿಳಿಸಿ. ವಿಶೇಷಣ ಹಾಕಬೇಡಿ, ಕೊಂಡಿ ಸಾಕು. ಅದು ನಿಧಾನದ ದಾರಿ. ನಡುವೆ ನಿಮ್ಮ ಹಳೆಯ ಬದಲಾವಣೆಗಳನ್ನೂ ಯಾರಾದರೂ ಕೆದಕುತ್ತಾರೆ ಎಂಬುದು ತಿಳಿದಿರಲಿ.

ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಈ ಲೇಖನವನ್ನು ಸ್ವಲ್ಪ ಕಾಲ ಬಿಡಿ, ವಿಕಿಯನ್ನು ಬಿಡಬೇಡಿ. ಜೀವಶಾಸ್ತ್ರ ಪಾಠ ಮಾಡಿದವರು ಉಲ್ಲೇಖ ಹುಡುಕಿ ಪುಟಸಂಖ್ಯೆ ಸಮೇತ ಹಾಕುವುದು ಎಷ್ಟು ಅಪರೂಪ ಎಂದು ನನಗೆ ಗೊತ್ತು. ಸಂಧಿಪದಿಗಳು, ಪರಾಗಸ್ಪರ್ಶ, ಹೂವಿನ ರಚನೆ, ಇಂಥ ಎಷ್ಟೋ ಪುಟಗಳು ಎರಡು ಮೂರು ಸಾಲಿನಲ್ಲೇ ನಿಂತಿವೆ. ಅಲ್ಲಿ ನಿಮ್ಮ ಜೊತೆ ಜಗಳವಾಡುವವರೂ ಇಲ್ಲ. ನೀವು ಬರೆದ ಪ್ಯಾರಾ ಕಳೆದೂ ಹೋಗಿಲ್ಲ. ಇತಿಹಾಸ ಪುಟದಲ್ಲಿ ಹಳೆಯ ಆವೃತ್ತಿ ತೆರೆದರೆ ಅಕ್ಷರಶಃ ಸಿಗುತ್ತದೆ, ಯಾವಾಗ ಬೇಕಾದರೂ ನಕಲು ಮಾಡಿಕೊಳ್ಳಬಹುದು.

ಆಗಲೇ ಹೇಳುತ್ತೇನೆ ಎಂದ ದಾರಿ ಇದು. ಬೆಳಗ್ಗೆ ಹತ್ತರಿಂದ ನಡುಮಧ್ಯಾಹ್ನ ಎಂಬ ನಿಮ್ಮ ಗಮನಿಕೆಯನ್ನು ಮೊದಲು ಹಳೆಯ ಪುಸ್ತಕ, ನಿಯತಕಾಲಿಕಗಳಲ್ಲಿ ಹುಡುಕಿ. ಏಷ್ಯಾದ ಈ ಜೇನಿನ ಮೇಲೆ ಕೆಲಸ ಮಾಡಿದ ಕೀಟಶಾಸ್ತ್ರಜ್ಞರು ಬಹಳ ಇದ್ದಾರೆ, ಅದನ್ನು ಯಾರಾದರೂ ಈಗಾಗಲೇ ದಾಖಲಿಸಿರಬಹುದು. ಸಿಕ್ಕರೆ ಆ ಉಲ್ಲೇಖದೊಂದಿಗೆ ಎರಡನೇ ವಾಕ್ಯವನ್ನು ಚರ್ಚಾ ಪುಟಕ್ಕೆ ತನ್ನಿ. ಸಿಗದಿದ್ದರೆ ನೀವೇ ದಾಖಲಿಸಿ: ಯಾವ ದಿನ, ಎಷ್ಟು ಹೊತ್ತಿಗೆ, ಹವಾಮಾನ ಹೇಗಿತ್ತು, ಪೆಟ್ಟಿಗೆಯಲ್ಲಿ ಮರಿ ಎಷ್ಟಿತ್ತು, ಮೇಣದ ಹುಳು ಇತ್ತೇ. ಸಾಕಷ್ಟು ಸೇರಿದ ಮೇಲೆ ಜೇನು ಕೃಷಿಯ ಅಥವಾ ಕೀಟಶಾಸ್ತ್ರದ ಪತ್ರಿಕೆಗೆ ಕಳಿಸಿ. ತಜ್ಞರು ಪರಿಶೀಲಿಸಿ ಅದು ಪ್ರಕಟವಾದ ಮೇಲೆ ವಿಕಿಯಲ್ಲಿ ಅದನ್ನು ಉಲ್ಲೇಖಿಸಬಹುದು. ನಿಮ್ಮದೇ ಬರಹವಾದ್ದರಿಂದ ನೀವೇ ನೇರವಾಗಿ ಲೇಖನಕ್ಕೆ ಹಾಕಬೇಡಿ. ಚರ್ಚಾ ಪುಟದಲ್ಲಿ "ಇದರ ಲೇಖಕ ನಾನೇ" ಎಂದು ತಿಳಿಸಿ, ಇನ್ನೊಬ್ಬರು ನೋಡಿ ಸೇರಿಸಲಿ ಎಂದು ಕೇಳಿ. ಕೇಳುವಾಗ ಮೊದಲು ನಿಮ್ಮ ಪ್ಯಾರಾ ತೆಗೆದ ಆ ಸಂಪಾದಕರನ್ನೇ ಕರೆಯಿರಿ. ಪ್ರಾಣಿ, ಸಸ್ಯಗಳ ಪುಟಗಳನ್ನು ಅಷ್ಟು ಕಾಲದಿಂದ ಕಾಯುತ್ತಿರುವವರು ಆಧಾರ ಇರುವ ವಾಕ್ಯವನ್ನು ಬೇಡ ಎನ್ನಲಿಕ್ಕಿಲ್ಲ.